ಬಳಪಕ್ಕೆ ಹತ್ತಿದ ಮೆಹಂದಿ

ನನಗೆ ಮೊದಲು ಅನುಮಾನ ಬಂದದ್ದು ಮಗಳ ಫ್ರಾಕು ಒಗೆಯುವಾಗ.

ಅವಳಿಗೆ ಆಗಿನ್ನೂ ಐದು ತುಂಬಿರಲಿಲ್ಲ. ವಾರದಲ್ಲಿ ಐದು ದಿನ, ಸಂಜೆಯ ಅಸರ್ ನಮಾಜು ಮುಗಿದ ಮೇಲೆ, ಹೊಸಪೇಟೆಯ ನಮ್ಮ ಮನೆಗೆ ಅರಬ್ಬಿ ಕಲಿಸಲು ಒಬ್ಬ ಹೆಣ್ಣುಮಗಳು ಬರುತ್ತಿದ್ದರು. ಓಣಿಯ ಮಕ್ಕಳೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಾನೂ ಹಾಗೇ ಕರೆಯುತ್ತಿದ್ದೆ. ಮೂರು ದಿನ ಕಾಯಿದಾ, ಅಂದರೆ ಅಕ್ಷರ ಕಲಿಸುವ ಪುಸ್ತಕ, ಓದಿಸುವುದು, ಮಂಗಳವಾರ ಮತ್ತು ಶನಿವಾರ ಪಾಟಿಯ ಮೇಲೆ ಬರೆಸುವುದು. ಬರೆಯುವ ದಿನ ಮಗಳ ಫ್ರಾಕಿನ ಬಲತೋಳಿನ ಅಂಚು ಬಳಪದ ಪುಡಿಯಿಂದ ಬೆಳ್ಳಗಾಗಿರುತ್ತಿತ್ತು. ಅರಬ್ಬಿ ಬಲದಿಂದ ಎಡಕ್ಕೆ ಹೋಗುವ ಬರಹ. ಬಲಗೈಯಲ್ಲಿ ಬರೆದರೆ, ಈಗಷ್ಟೇ ಬರೆದ ಅಕ್ಷರದ ಮೇಲೆಯೇ ಕೈ ಎಳೆದುಕೊಂಡು ಹೋಗುತ್ತದೆ. ಪಾಟಿಯ ಮೇಲೆ ಅಲಿಫ್ ಅರ್ಧ ಅಳಿಸಿ, ಬೇ ಅಕ್ಷರದ ಕೆಳಗಿನ ಚುಕ್ಕೆ ಮಾಯವಾಗಿ, ಎಲ್ಲವೂ ಮಂಜು ಕವಿದಂತೆ ಇರುತ್ತಿತ್ತು. ಒಂದೂವರೆ ತಿಂಗಳು ಹೀಗೇ ನಡೆಯಿತು.

ಆಮೇಲೆ ಒಂದು ಶನಿವಾರ ತೋಳು ಸ್ವಚ್ಛವಾಗಿತ್ತು. ಎಡತೋಳೂ ಸ್ವಚ್ಛ. ಪಾಟಿ ನೋಡಿದರೆ ಅಲಿಫ್‌ನಿಂದ ದಾಲ್‌ವರೆಗೆ ಅಕ್ಷರಗಳು ಒಂದೊಂದೂ ಅಚ್ಚುಕಟ್ಟಾಗಿ ನಿಂತಿದ್ದವು. ಒಂದು ಚುಕ್ಕೆಯೂ ಅಳಿಸಿರಲಿಲ್ಲ. ನಾನು ಖುಷಿಪಡಬೇಕಾಗಿತ್ತು. ಮಂಗಳವಾರ ಮತ್ತೆ ನೋಡಿದೆ, ಮುಂದಿನ ಶನಿವಾರವೂ ನೋಡಿದೆ. ಬರೆದವರ ಕೈ ನನ್ನ ಮಗಳದಲ್ಲ ಎಂದು ತೀರ್ಮಾನಿಸಿದೆ.

ಅನುಮಾನಕ್ಕೆ ಕಾರಣ ಇತ್ತು. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುತ್ತಾರೆ. ಮನೆಯ ಹಿರಿಯರು ಮಗುವಿನ ಬಾಯಿಂದ ಮೊದಲ ಮಾತು ಹೇಳಿಸಿ, ಗಂಧದಲ್ಲಿ ಅದ್ದಿದ ಕಡ್ಡಿಯನ್ನು ಕೈಗೆ ಕೊಟ್ಟು ಮೊದಲ ಅಕ್ಷರ ಬರೆಸುತ್ತಾರೆ. ನಮ್ಮ ಮನೆಗೆ ಆ ಹಿರಿಯರೆಂದರೆ ಸಂಡೂರಿನ ಚಾಚಾ, ನನ್ನ ಮಾವನವರ ತಮ್ಮ. ಮಗಳು ಹೂವಿನ ಸರ ಮುಖದ ಮೇಲೆ ಇಳಿಬಿಟ್ಟುಕೊಂಡು, ಕೆಂಪು ಘರಾರದಲ್ಲಿ ಬೊಂಬೆಯ ಹಾಗೆ ಕುಳಿತಿದ್ದಳು. ಚಾಚಾ ಕಡ್ಡಿ ಚಾಚಿದರು. ಅವಳು ಎಡಗೈಯಲ್ಲಿ ತೆಗೆದುಕೊಂಡಳು. ಚಾಚಾ ನಕ್ಕು, ಕಡ್ಡಿಯನ್ನು ಬಿಡಿಸಿ ಬಲಗೈಗೆ ಇಟ್ಟರು. ಅವಳು ಮತ್ತೆ ಎಡಗೈಗೆ ದಾಟಿಸಿದಳು. ಎಲ್ಲರೂ ನಕ್ಕರು. ಕಂಪ್ಲಿಯಿಂದ ಬಂದಿದ್ದ ಒಬ್ಬ ಹೆಂಗಸು ಮಾತ್ರ ನಗಲಿಲ್ಲ.

"ಎಡಚಿ ಆದಳಲ್ಲವಾ. ಖುರಾನಿನ ಪಾಕ್ ಅಕ್ಷರಕ್ಕ ಯಾವ ಕೈ ಹಚ್ಚತಾಳ ಇಕಿ?" ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದಿರಬೇಕು.

ಚಾಚಾ ಹೊರಡುವಾಗ ಮಗಳ ಬಲ ಅಂಗೈ ತಟ್ಟಿ, ಆರು ತಿಂಗಳಿಗೆ ಮತ್ತೆ ಬರುತ್ತೇನೆ, ನನ್ನ ಮುಂದೆ ಕೂತು ಅಲಿಫ್‌ನಿಂದ ಯೇವರೆಗೆ ಈ ಕೈಯಲ್ಲಿ ಬರೆದು ತೋರಿಸಬೇಕು ಎಂದು ಹೇಳಿ ಹೋದರು. ತುಂಬಿದ ಮನೆಯ ಎದುರು ಹೇಳಿದ ಮಾತು. ನನ್ನ ಮಗಳು ಮತ್ತೆ ಅದೇ ಜನರ ನಡುವೆ ಕೂತು, ಬಳಪ ಹಿಡಿದು ತಡವರಿಸುವುದು, ಅವರು ನಗುವುದು, ಅವಳಿಗೆ ಆ ಅಕ್ಷರಗಳೇ ಬೇಡವಾಗಿಬಿಡುವುದು, ಇವೆಲ್ಲ ಅವತ್ತೇ ನನ್ನ ಕಣ್ಣ ಮುಂದೆ ಬಂದುಹೋದವು.

ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಚಿಕ್ಕವಳಿದ್ದಾಗ ನಾನೂ ಪೆನ್ಸಿಲ್ ಹಿಡಿಯುತ್ತಿದ್ದದ್ದು ಎಡಗೈಯಲ್ಲೇ. ಒಂದನೇ ತರಗತಿಯ ಸಿಸ್ಟರ್ ಒಂದು ದಿನವೂ ಹೊಡೆಯಲಿಲ್ಲ. ನನ್ನ ಜಡೆಯ ನೀಲಿ ರಿಬ್ಬನ್ ಬಿಚ್ಚಿ ಅದರಿಂದ ನನ್ನ ಎಡಗೈಯನ್ನು ಬೆಂಚಿನ ಕಾಲಿಗೆ ಮೆಲ್ಲಗೆ ಕಟ್ಟುತ್ತಿದ್ದರು. ಗಂಟೆ ಹೊಡೆದ ಮೇಲೆ ಬಿಚ್ಚಿ, ಅದೇ ರಿಬ್ಬನ್ ಮತ್ತೆ ಜಡೆಗೆ ಹಾಕಿ, ಕೆನ್ನೆ ತಟ್ಟಿ ಕಳಿಸುತ್ತಿದ್ದರು. ಅವರ ಸೊಂಟದಲ್ಲಿ ಬೀಗದಕೈ ಗೊಂಚಲು ಇರುತ್ತಿತ್ತು. ವರಾಂಡದಲ್ಲಿ ಅದರ ಸಪ್ಪಳ ಕೇಳಿದರೆ ಸಾಕು, ಪೆನ್ಸಿಲ್ ತಾನಾಗಿಯೇ ಬಲಗೈಗೆ ಹೋಗುತ್ತಿತ್ತು. ವರ್ಷ ಮುಗಿಯುವುದರೊಳಗೆ ನನಗೆ ಅಂದವಾದ ಬರಹಕ್ಕೆ ಬಹುಮಾನವೂ ಬಂತು. ನೋವಾಗಲಿಲ್ಲ. ಅದನ್ನು ನನಗೆ ಆದ ಉಪಕಾರ ಎಂದೇ ತಿಳಿದಿದ್ದೆ.

ಮಗಳ ಕೈ ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಬೇರೆ ಉಪಾಯ ಹುಡುಕಿದೆ. ಬಿಸ್ಮಿಲ್ಲಾ ಆಗಿ ಮೂರು ತಿಂಗಳಿಗೆ ಆಪಾ ಬರಲು ಶುರು ಮಾಡಿದರು. ಬರೆಯುವ ದಿನ, ಆಪಾ ಬರುವುದಕ್ಕೆ ಸ್ವಲ್ಪ ಮೊದಲು, ಅವಳ ಎಡ ಅಂಗೈಗೆ ಕೋನ್‌ನಿಂದ ಮೆಹಂದಿ ಹಾಕುತ್ತಿದ್ದೆ. ಒಂದು ಹೂವು, ಎರಡು ಎಲೆ, ಬೆರಳ ತುದಿಗೊಂದು ಟೋಪಿ. "ಒಣಗೋತನಕ ಏನೂ ಮುಟ್ಟಬ್ಯಾಡ ಬೇಟಾ, ಬಲಗೈಲೇ ಬರಿ" ಎನ್ನುತ್ತಿದ್ದೆ. ಅವಳಿಗೆ ಮೆಹಂದಿ ಎಂದರೆ ಪ್ರಾಣ. ಕೈಯನ್ನು ತಟ್ಟೆಯಂತೆ ಮೇಲಕ್ಕೆ ಹಿಡಿದುಕೊಂಡು ಹೋಗಿ ಚಾಪೆಯ ಮೇಲೆ ಕೂರುತ್ತಿದ್ದಳು. ನನ್ನ ಅತ್ತೆ, ಮಗಳ ದಾದಿ, ಮಾತ್ರ ಆ ಕೈಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು.

ಒಂದು ತಿಂಗಳಲ್ಲಿ ಊಟಕ್ಕೆ, ಶಾಲೆಯ ಪೆನ್ಸಿಲ್‌ಗೆ, ಬಾಚಣಿಗೆಗೆ, ನನ್ನ ಎದುರಿಗೆ ಎಲ್ಲದಕ್ಕೂ ಅವಳ ಬಲಗೈಯೇ ಮುಂದೆ ಬರತೊಡಗಿತು. ಎಡಗೈ ಕಥೆ ಮುಗಿಯಿತು ಎಂದುಕೊಂಡೆ.

ಹಾಗಾಗಿ ಸ್ವಚ್ಛ ತೋಳು ನೋಡಿದಾಗ ನನಗೆ ಹೊಳೆದದ್ದು ಒಂದೇ. ಆರು ತಿಂಗಳ ಗಡುವು ಹತ್ತಿರ ಬರುತ್ತಿದೆ, ಮಗು ಕಲಿಯುತ್ತಿಲ್ಲ, ಅದನ್ನು ಮುಚ್ಚಲು ಆಪಾ ತಾವೇ ಬರೆದು ಕೊಡುತ್ತಿದ್ದಾರೆ. ಮೊದಲ ದಿನ ಅವರು ಪಾಟಿಯ ಮೇಲೆ ಬರೆದು ತೋರಿಸಿದ್ದು ನೆನಪಾಯಿತು. ಮಣಿಕಟ್ಟು ಎತ್ತಿ, ಕೈ ಎಲ್ಲೂ ತಾಗದಂತೆ ಬರೆದಿದ್ದರು. ಒಂದು ಚುಕ್ಕೆಯೂ ಅಳಿಸಿರಲಿಲ್ಲ.

ಆಮೇಲೆ ಬಳಪ ಸಿಕ್ಕಿತು. ಚಾಪೆ ಝಾಡಿಸುವಾಗ ಕೆಳಗೆ ಬಿತ್ತು. ಬಿಳಿ ಬಳಪದ ಹಿಡಿಯುವ ಜಾಗ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೆಹಂದಿಯ ಬಣ್ಣ. ಆಪಾ ಅವರ ಬೆರಳ ತುದಿಗಳಲ್ಲಿ ಸದಾ ಮೆಹಂದಿ ಇರುತ್ತಿತ್ತು. ಮತ್ತೇನು ಸಾಕ್ಷಿ ಬೇಕು? ಬಳಪವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅಡುಗೆಮನೆಯ ಏಲಕ್ಕಿ ಡಬ್ಬಿಯಲ್ಲಿಟ್ಟೆ.

ಅನುಮಾನ ಒಮ್ಮೆ ಒಳಗೆ ಬಂದರೆ ಮನೆಯೆಲ್ಲ ಅದರದ್ದೇ ಆಗುತ್ತದೆ. ಅವರು ನಡುಮನೆಯ ಪರದೆ ಯಾಕೆ ಎಳೆದುಕೊಳ್ಳುತ್ತಾರೆ? ಮಗುವಿನ ಗಮನ ಹೋಗುತ್ತದೆ ಎನ್ನುತ್ತಾರೆ, ಆದರೆ ಓದುವ ದಿನ ಪರದೆ ಎಳೆಯುವುದಿಲ್ಲವಲ್ಲ. ಅತ್ತೆ ಯಾಕೆ ಮಂಗಳವಾರ, ಶನಿವಾರವೇ ಅವರೆಕಾಯಿ ಬುಟ್ಟಿ ಹಿಡಿದು ಪರದೆಯ ಬಾಯಲ್ಲಿ ಕೂರುತ್ತಾರೆ? ಚಹಾ ತೆಗೆದುಕೊಂಡು ಹೋದರೆ ಮೂವರೂ ಸುಮ್ಮನಾಗುತ್ತಾರೆ. ಪಾಟಿ ಬೋರಲು ಬಿದ್ದಿರುತ್ತದೆ. ಅತ್ತೆಯ ಕೆಮ್ಮು ಬೇರೆ. ಆ ದಿನಗಳಲ್ಲಿ ಅವರಿಗೆ ಕೆಮ್ಮು ಹತ್ತಿಕೊಂಡಿತ್ತು. ಬೆಳಿಗ್ಗೆಯೆಲ್ಲ ಆರಾಮಾಗಿರುತ್ತಿದ್ದರು, ಸಂಜೆ ನಾನು ಚಹಾ ತಟ್ಟೆ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಕೆಮ್ಮು. ಮೆಣಸು, ಜೇನು, ಶುಂಠಿ ಹಾಕಿ ಕಷಾಯ ಮಾಡಿ ಕೊಟ್ಟೆ. ಮುಖ ಕಿವಿಚಿಕೊಂಡು ಕುಡಿದರು. ಕಡಿಮೆಯಾಗಲಿಲ್ಲ.

ಮೆಹಂದಿಯೂ ನನಗೆ ಮೋಸ ಮಾಡುತ್ತಿತ್ತು. ಮಗಳ ಅಂಗೈಯಲ್ಲಿ ಬಣ್ಣ ಹತ್ತುತ್ತಿರಲಿಲ್ಲ, ರಾತ್ರಿ ಊಟದ ಹೊತ್ತಿಗೆ ತೆಳ್ಳಗೆ ಹಳದಿ ಗೆರೆ ಅಷ್ಟೇ. ಕೋನ್ ಕಲಬೆರಕೆ ಎಂದು ಅಂಗಡಿ ಬದಲಿಸಿದೆ. ಹಳೆಯ ಅಂಗಡಿಯವನಿಗೆ ಒಂದು ಮಾತು ಹೇಳಿಯೂ ಬಂದೆ. ಅವನು ಪಾಪ, ನನ್ನ ಮಗಳ ಮದುವೆಗೂ ಇದೇ ಕೋನ್ ಬಳಸಿದ್ದು ಅಕ್ಕಾ ಎಂದ.

ಒಂದು ದಿನ ರೊಟ್ಟಿ ಮಾಡುವಾಗ ಮಗಳನ್ನು ಕರೆದು, ತಟ್ಟೆಯಲ್ಲಿ ಹಿಟ್ಟು ಹರಡಿ, ಒಂದು ಜೀಮ್ ಬರಿ ನೋಡೋಣ ಎಂದೆ. ಬಲಗೈ ಬೆರಳಿಂದ ಬರೆದಳು. ಜೀಮ್‌ನ ಹೊಟ್ಟೆ ಎಲ್ಲಿಗೋ ಹೋಯಿತು, ತಲೆ ಎಲ್ಲಿಗೋ. ಬರೆಯುತ್ತಾ ಎರಡು ಸಲ ಬಾಗಿಲ ಕಡೆ ನೋಡಿದಳು. ಅಂದರೆ ಏನೂ ಬರುವುದಿಲ್ಲ. ನಾನಾದರೂ ಕಲಿಸೋಣವೆಂದರೆ, ನಾನು ಬೇಸಿಗೆ ರಜೆಯಲ್ಲಿ ಓದಲು ಕಲಿತವಳು. ಬೆರಳಿಟ್ಟು ನಿಧಾನವಾಗಿ ಓದುತ್ತೇನೆ, ಬರೆಯಲು ಯಾರೂ ಕಲಿಸಿರಲಿಲ್ಲ.

ಗಂಡನಿಗೆ ಹೇಳಿದೆ. ಅವರಿಗೆ ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಬೂಟು ಬಿಚ್ಚುತ್ತಾ ತೋಳು, ಬಳಪ, ಪರದೆ ಎಲ್ಲ ಕೇಳಿಸಿಕೊಂಡು, "ನೀ ಕಾನ್ವೆಂಟಿಗೆ ಹೋಗೋದರ ಬದಲಿ ಪೊಲೀಸ್ ಟ್ರೈನಿಂಗಿಗೆ ಹೋಗಬೇಕಿತ್ತು ನೋಡು" ಎಂದು ಮಲಗಿದರು.

ಚಾಚಾ ಬರುವ ಭಾನುವಾರಕ್ಕೆ ಎಂಟು ದಿನ ಉಳಿದಿತ್ತು. ಆಪಾನನ್ನು ಬಿಡಿಸಿ ಬೇರೆ ಯಾರನ್ನಾದರೂ ಗೊತ್ತು ಮಾಡುವುದಾದರೆ ಈಗಲೇ ಮಾಡಬೇಕು. ಆದರೆ ಕಣ್ಣಾರೆ ಕಾಣದೆ ಒಬ್ಬರ ಮೇಲೆ ಹೊರಿಸುವುದು ಹೇಗೆ? ಆ ಶನಿವಾರ ಮಧ್ಯಾಹ್ನ ಅತ್ತೆಗೆ ಒಂದು ಸುಳ್ಳು ಹೇಳಿದೆ. ಶಾಲೆಯ ಗೆಳತಿ ಬಂದಿದ್ದಾಳೆ, ಹಂಪಿ ತೋರಿಸಿಕೊಂಡು ಬರುತ್ತೇನೆ, ಸಂಜೆ ತಡವಾಗುತ್ತದೆ. ಮಗಳಿಗೆ ಮೆಹಂದಿ ಹಾಕಿಯೇ ಹೊರಟೆ. ಅತ್ತೆ ಎಂದೂ ಇಲ್ಲದ ಉತ್ಸಾಹದಲ್ಲಿ, "ಹೋಗಿ ಬಾ ಬೇಟಾ, ಜಲ್ದಿ ಮಾಡಬ್ಯಾಡ, ಆರಾಮ ನೋಡ್ಕೊಂಡು ಬಾ" ಎಂದರು. ಅದೂ ನನಗೆ ಅನುಮಾನವೇ.

ಸುಳ್ಳು ಹೇಳಿ ರೂಢಿಯಿಲ್ಲದವರು ಸುಳ್ಳನ್ನು ಪೂರ್ತಿ ಮಾಡುತ್ತಾರೆ. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಜವಾಗಿಯೂ ಹಂಪಿ ಬಸ್ ಹತ್ತಿ ಹಂಪಿಗೇ ಟಿಕೆಟ್ ತೆಗೆಸಿದೆ. ಅನಂತಶಯನಗುಡಿಯ ರೈಲ್ವೆ ಗೇಟು ಹಾಕಿತ್ತು. ಅದಿರಿನ ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಎದ್ದು ಇಳಿದುಬಿಟ್ಟೆ. ಹಂಪಿ ಇನ್ನೂ ದೂರ ಐತ್ರಿ ಎಂದು ಕಂಡಕ್ಟರ್ ಕೂಗಿದ. ಗೊತ್ತು ಎಂದು ಆಟೋ ಹಿಡಿದೆ.

ಮುಂಬಾಗಿಲಿಗೆ ಹೋಗಲಿಲ್ಲ. ಹಿಂದಿನ ಸಂದಿಯಿಂದ ಬಂದು, ನೀರಿನ ಡ್ರಮ್ಮಿನ ಪಕ್ಕ ಚಪ್ಪಲಿ ಬಿಟ್ಟು, ಅಡುಗೆಮನೆಯ ಬಾಗಿಲು ಸದ್ದಾಗದಂತೆ ತಳ್ಳಿದೆ. ನನ್ನದೇ ಮನೆಗೆ ಕಳ್ಳಿಯಂತೆ. ಸ್ಟೀಲ್ ಬಟ್ಟಲೊಂದರಲ್ಲಿ ಹಸಿ ಮೆಹಂದಿಯ ಚೂರುಗಳಿದ್ದವು, ಪಕ್ಕದಲ್ಲಿ ಚಮಚ, ಒದ್ದೆ ಬಟ್ಟೆ. ನಾನು ಹಾಕಿದ್ದ ಹೂವು, ಎಲೆ ಎಲ್ಲವನ್ನೂ ಯಾರೋ ಕೆರೆದು ತೆಗೆದಿದ್ದರು. ನೋಡಿದೆ, ಇನ್ನೂ ಅರ್ಥವಾಗಲಿಲ್ಲ.

ನಡುಮನೆಯ ಪರದೆಯ ಈ ಬದಿಯಲ್ಲಿ ಸ್ವಲ್ಪ ಸೀಳು ಇತ್ತು. ಅತ್ತೆ ಮುಂಬಾಗಿಲ ಹೊಸ್ತಿಲ ಮೇಲೆ, ನನಗೆ ಬೆನ್ನು ಹಾಕಿ, ಬೀದಿ ಕಾಯುತ್ತಾ ಕುಳಿತಿದ್ದರು. ಆಪಾ ಕೈಕಟ್ಟಿ ಕುಳಿತಿದ್ದರು. ಬಳಪ ಅವರ ಹತ್ತಿರ ಇರಲಿಲ್ಲ. ನನ್ನ ಮಗಳು ಹೊಟ್ಟೆಯ ಮೇಲೆ ಅರ್ಧ ಮಲಗಿ, ನಾಲಿಗೆ ಹೊರಗೆ ಹಾಕಿ, ಎಡಗೈಯಲ್ಲಿ ಬರೆಯುತ್ತಿದ್ದಳು. ಬಲತುದಿಯಿಂದ ಹೊರಟ ಕೈ, ಬರೆದದ್ದನ್ನು ಹಿಂದೆ ಬಿಟ್ಟು, ಖಾಲಿ ಪಾಟಿಯ ಮೇಲೆ ಮುಂದೆ ಮುಂದೆ ಹೋಗುತ್ತಿತ್ತು. ಯಾವ ಅಕ್ಷರಕ್ಕೂ ತಾಗುತ್ತಿರಲಿಲ್ಲ. ಹಾಡಿನಂತೆ ಹೇಳಿಕೊಳ್ಳುತ್ತಿದ್ದಳು, ರೇ, ಝೇ, ಸೀನ್, ಶೀನ್. ಹಿಟ್ಟಿನ ತಟ್ಟೆಯ ಮುಂದೆ ನಾನು ಕಂಡ ಮಗು ಇವಳಲ್ಲ.

ನಡುವೆ ನಿಲ್ಲಿಸಿ ಕೇಳಿದಳು, "ಆಪಾ, ಮಮ್ಮಿ ಬಂದರ?"

"ಬಂದರ ದಾದಿ ಕೆಮ್ಮತಾರಲ್ಲ. ನೀ ಬರಿ."

ನನ್ನ ಮೆಣಸು, ನನ್ನ ಜೇನು, ನನ್ನ ಶುಂಠಿ. ನಗು ಬರಬೇಕಾಗಿತ್ತು. ಪರದೆ ಹಿಡಿದುಕೊಂಡೆ, ಬಳೆ ಸದ್ದಾಯಿತು.

ಆ ಸದ್ದಿಗೆ ಮಗಳು ತಲೆ ಎತ್ತಲಿಲ್ಲ. ಅದಕ್ಕೂ ಮೊದಲೇ ಬಳಪ ಎಡಗೈಯಿಂದ ಬಲಗೈಗೆ ಹೋಗಿತ್ತು. ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಮಾಡಿದ್ದು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಅತ್ತೆ ತಿರುಗಿ, ತಡವಾಗಿ, ಒಂದು ಸಲ ಕೆಮ್ಮಿದರು.

ವರಾಂಡದ ಬೀಗದಕೈ ಗೊಂಚಲಿನ ಸದ್ದು ಎಷ್ಟೋ ವರ್ಷಗಳ ಮೇಲೆ ನನ್ನ ಕಿವಿಗೆ ಬಿತ್ತು. ಈ ಸಲ ಅದು ನನ್ನ ಬಳೆಯಿಂದ ಬಂದಿತ್ತು.

ನಾನು ಚಾಪೆಯ ತುದಿಯಲ್ಲಿ ಕುಳಿತೆ. ಮಗಳು ಬಲಗೈಯಲ್ಲಿ ಒಂದು ವಕ್ರ ಸೀನ್ ಬರೆಯಲು ಶುರು ಮಾಡಿದಳು. ಆಪಾ ಮೆಲ್ಲಗೆ ಹೇಳಿದರು, ಸಿಟ್ಟಾಗಬ್ಯಾಡ್ರಿ ಭಾಬಿ ಎಂದು. ಒಂದೂವರೆ ತಿಂಗಳು ಬಲಗೈಯಲ್ಲಿ ಅಳಿಸಿ ಅಳಿಸಿ ಮಗು ಅತ್ತದ್ದು, ಕೊನೆಗೆ ಕಾಯಿದಾ ಕಂಡರೆ ಒಳಗೆ ಓಡಿಹೋಗಲು ಶುರು ಮಾಡಿದ್ದು, ಒಂದು ಶನಿವಾರ ಅತ್ತೆಯೇ ಎದ್ದು ಮೆಹಂದಿ ಕೆರೆದು ಬಳಪವನ್ನು ಆ ಕೈಗೆ ಕೊಟ್ಟದ್ದು, ಎಲ್ಲ ಹೇಳಿದರು. ಅವಳು ಅತ್ತದ್ದು ನನಗೆ ಗೊತ್ತೇ ಇರಲಿಲ್ಲ. ಚಹಾದ ಹೊತ್ತಿಗೆ ಮುಖ ಒರೆಸಿ ಕೂರಿಸಿರುತ್ತಿದ್ದರು.

"ಊಟಕ್ಕ ಬಲಗೈ. ಅದನ್ನ ನಾ ಬಿಡಂಗಿಲ್ರಿ" ಎಂದರು ಆಪಾ. "ಓದುವಾಗ ಬಲಗೈ ಬೆರಳೇ ಇಡಸತೀನಿ, ಹಾಳಿ ತಿರುವೋದೂ ಅದರಲೇ. ಬಳಪಕ್ಕ ಮಾತ್ರ ನಾ ಕೈ ಕೇಳಂಗಿಲ್ಲ. ನಾವೆಲ್ಲ ಮಣಿಕಟ್ಟು ಎತ್ತಿ ಎತ್ತಿ ಕಲತಿದ್ದು, ಇಕಿಗೆ ಹುಟ್ಟತಾನ ಬಂದದ. ಈ ಬರಹ ಇಂಥಾ ಕೈಗೇ ಸರಿಹೊಂದತದ."

"ಹಂಗಾದರ ನನಗ ಹೇಳಬಹುದಿತ್ತಲ್ಲ" ಎಂದೆ. "ಜನಕ್ಕ ಅಂಜಿ ಮುಚ್ಚಿಟ್ಟಿರೇನು?"

ಅತ್ತೆ ಹೊಸ್ತಿಲಿಂದ ಎದ್ದು ಬಂದು ನನ್ನ ಎದುರು ಕುಳಿತರು. "ಜನಕ್ಕ ಯಾಕ ಅಂಜಲಿ ನಾನು? ನಿನಗಂಜಿ, ಬೇಟಾ."

ನನಗೆ. ಮನೆಯಲ್ಲಿ ದನಿ ಎತ್ತಿ ಮಾತಾಡದ, ಕೋನ್ ಅಂಗಡಿಯವನನ್ನೂ ಅಣ್ಣಾ ಎಂದೇ ಬಯ್ಯುವ ನನಗೆ. ಏಲಕ್ಕಿ ಡಬ್ಬಿಯಿಂದ ಕಿತ್ತಳೆ ಬಣ್ಣದ ಬಳಪ ತಂದು ಮಗಳ ಮುಂದೆ, ಯಾವ ಕೈಯ ಕಡೆಗೂ ಅಲ್ಲದೆ, ನಡುವೆ ಇಟ್ಟೆ. ಅವಳು ನನ್ನ ಮುಖ ನೋಡಿದಳು, ದಾದಿಯ ಮುಖ ನೋಡಿದಳು, ಬಳಪ ಮುಟ್ಟಲಿಲ್ಲ. ಅವತ್ತು ಮುಂದೆ ಏನೂ ಬರೆಯಲಿಲ್ಲ.

ಸೋಮವಾರದಿಂದ ನಾನು ಮಗಳೊಡನೆ ಕೂರತೊಡಗಿದೆ. ಬಳಪವನ್ನು ಎಡಗೈಗೆ ಕೊಟ್ಟರೂ ನಾನಿದ್ದಾಗ ಅದು ಬಲಗೈಗೆ ಹೋಗಿಬಿಡುತ್ತಿತ್ತು. ಮಾತಿನಲ್ಲಿ ಹೇಳಿದೆ, ಯಾವ ಕೈಯಾದರೂ ಆಗಲಿ ಎಂದು. ಹೂಂ ಎಂದಳು, ನಂಬಲಿಲ್ಲ. ಅವಳಿಗೂ ಈಗ ಅನುಮಾನ ಅಂಟಿತ್ತು, ನನ್ನಿಂದಲೇ ಅಂಟಿದ್ದು. ಗುರುವಾರದ ಹೊತ್ತಿಗೆ ಆಪಾ ಕೂಡ ಮುಖ ಸಣ್ಣ ಮಾಡಿಕೊಂಡರು. ಭಾನುವಾರ ಚಾಚಾ ಎದುರು ಅವಳು ಬಲಗೈಯಲ್ಲಿ ಬರೆಯಲು ಹೋಗಿ ಅಳುತ್ತಾಳೆ, ಇಲ್ಲ ಎಡಗೈಯಲ್ಲಿ ಬರೆದು ಬೈಸಿಕೊಳ್ಳುತ್ತಾಳೆ. ಎರಡರಲ್ಲಿ ಒಂದು ಖಂಡಿತ.

ಭಾನುವಾರ ಸಂಜೆ ಕಂಪ್ಲಿಯವರೂ ಬಂದರು. ಅಂದು ಮಾತು ಆಡಿದ್ದ ಹೆಂಗಸು ಎಲ್ಲರಿಗಿಂತ ಮುಂದೆ ಜಾಗ ಹಿಡಿದಿದ್ದಳು. ಚಾಚಾ ಬಂದು ಕೈಕಾಲು ತೊಳೆದುಕೊಳ್ಳುವಾಗ ನಾನು ಮಗಳನ್ನು ಅಡುಗೆಮನೆಗೆ ಕರೆದೆ. ಕೋನ್ ಕೈಗೆತ್ತಿಕೊಂಡದ್ದು ನೋಡಿ ಅವಳು ತಾನಾಗಿಯೇ ಎಡಗೈ ಚಾಚಿದಳು. ಮುಖ ಬಾಡಿತು.

"ಆ ಕೈ ಅಲ್ಲ" ಎಂದೆ. "ಇದು ಕೊಡು."

ಬಲ ಅಂಗೈ ಬಿಡಿಸಿ ದೊಡ್ಡ ಹೂವು ಬಿಡಿಸಿದೆ, ಎಲೆ ಬಿಡಿಸಿದೆ, ಐದೂ ಬೆರಳಿಗೆ ದಪ್ಪ ಟೋಪಿ ಹಾಕಿದೆ. ಅರ್ಧ ಕೋನ್ ಖಾಲಿಯಾಯಿತು. "ಒಣಗೋತನಕ ಏನೂ ಮುಟ್ಟಬ್ಯಾಡ" ಎಂದೆ. ಅವಳು ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಲಗೈಯನ್ನು ತಟ್ಟೆಯಂತೆ ಎತ್ತಿ ಹಿಡಿದುಕೊಂಡು ನಡುಮನೆಗೆ ಹೋದಳು.

ಚಾಚಾ ಬಳಪ ಚಾಚಿದರು. ಅವಳು ಎಡಗೈ ಮುಂದೆ ಮಾಡಿದಳು. ಕಂಪ್ಲಿಯ ಹೆಂಗಸು ಕುಳಿತಲ್ಲೇ ನೆಟ್ಟಗಾದಳು. ಚಾಚಾ ಹುಬ್ಬೇರಿಸಿ ನನ್ನ ಕಡೆ ತಿರುಗಿದರು.

"ಬಲಗೈಗೆ ಮೆಹಂದಿ ಹಸಿ ಐತಿ ಚಾಚಾ" ಎಂದೆ. "ಮುಟ್ಟಿದರ ಕೆಡತದ."

"ಬರಿಯೋ ಹೊತ್ತಿಗೇ ಹಚ್ಚಿದ್ಯಾ?"

"ಮರೆತೆ."

ಪರದೆಯ ಹತ್ತಿರ ಅತ್ತೆ ಕೆಮ್ಮಿದರು. ಆಪಾ ತಲೆ ಬಗ್ಗಿಸಿ ದುಪಟ್ಟದ ಅಂಚು ಸರಿಮಾಡಿಕೊಂಡರು. ಮಗಳು ಬರೆಯತೊಡಗಿದಳು. ಅಲಿಫ್, ಬೇ, ತೇ. ಮೊದಲ ಸಾಲು ನಿಧಾನವಾಗಿ ಬಂತು, ಎರಡನೆಯದರಲ್ಲಿ ನಾಲಿಗೆ ಹೊರಗೆ ಬಂತು, ಮೂರನೆಯದಕ್ಕೆ ಹಾಡು ಶುರುವಾಯಿತು. ಯೇ ಬರೆದು ಅದರ ಬಾಲಕ್ಕೆ ಎರಡು ಚುಕ್ಕೆ ಇಟ್ಟು, ಪಾಟಿಯನ್ನು ಚಾಚಾ ಕಡೆ ತಳ್ಳಿದಳು. ಅವರು ಕನ್ನಡಕ ಏರಿಸಿ ಪಾಟಿಯನ್ನು ದೂರ ಹಿಡಿದು ನೋಡಿದರು. ಒಂದು ಅಕ್ಷರವೂ ಅಳಿಸಿರಲಿಲ್ಲ. ಪಾಟಿಯನ್ನು ಕಂಪ್ಲಿಯ ಹೆಂಗಸಿನ ಕೈಗೆ ಕೊಟ್ಟು, ಇಷ್ಟು ನೀಟಾಗಿ ನನಗೂ ಬರಂಗಿಲ್ಲ ಎಂದರು. ಅವಳು ಅತ್ತಿತ್ತ ತಿರುಗಿಸಿ ನೋಡಿ, ಮೆಹಂದಿ ಮಸ್ತ್ ಐತಿ ಎಂದಳು, ಅಷ್ಟೇ.

ಚಾಚಾ ನನ್ನ ಮಾತು ನಂಬಿದರೋ ಇಲ್ಲವೋ ಇಂದಿಗೂ ನನಗೆ ಅನುಮಾನ. ಹೊರಡುವಾಗ ಬಾಗಿಲಲ್ಲಿ ನಿಂತು, ಮುಂದಿನ ಸಲ ಬಂದಾಗಲೂ ಮೆಹಂದಿ ಹಸಿಯಾಗೇ ಇರಬಹುದು ಅಲ್ಲೇನು ಎಂದು ಕೇಳಿದರು. ನಗುತ್ತಿದ್ದರೋ, ಇಲ್ಲವೋ. ಗಡ್ಡದಲ್ಲಿ ಏನೂ ಕಾಣಿಸಲಿಲ್ಲ.

ಎಲ್ಲರೂ ಹೋದ ಮೇಲೆ ಮಗಳ ಬಲಗೈ ತೊಳೆದೆ. ಬಣ್ಣ ಗಾಢವಾಗಿ ಹತ್ತಿತ್ತು. ಹಳೆಯ ಅಂಗಡಿಯವನದೇ ಕೋನ್, ಆ ವಾರವೇ ಹೋಗಿ ತಂದಿದ್ದೆ.

"ಮಂಗಳವಾರ ಯಾವ ಕೈಗೆ ಹಾಕ್ತಿ ಮಮ್ಮಿ?" ಎಂದು ಕೇಳಿದಳು.

"ಯಾವುದಕ್ಕೂ ಬ್ಯಾಡ."

ಅವಳು ತುಟಿ ಉಬ್ಬಿಸಿದಳು. ಮತ್ತೆ ಯೋಚಿಸಿ, ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ ಹೇಳಿದಳು, "ಎರಡಕ್ಕೂ ಹಾಕು. ಬರದಾದ ಮ್ಯಾಲೆ."